ಎದೆಯ ಮೇಲಿನ 63: ಒಂದು ಶಾಲಾ ಕ್ರೀಡಾಕೂಟದ ಪ್ರಕರಣ ಅಧ್ಯಯನ

ಹೋದ ವರ್ಷದ ಕ್ರೀಡಾಕೂಟ ಮುಗಿದ ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ಮಕ್ಕಳ ಎದೆ ನಂಬರಿನ ಬಟ್ಟೆಗಳನ್ನು ಎಣಿಸಿಡುತ್ತಿದ್ದೆ. ಎಲ್ಲವಕ್ಕೂ ಕೆಮ್ಮಣ್ಣು ಮೆತ್ತಿತ್ತು, ಕೆಲವಕ್ಕೆ ನಿಂಬೆಹಣ್ಣಿನ ರಸ, ಒಂದೆರಡಕ್ಕೆ ಮೂಗಿನ ರಕ್ತ. 63 ಒಂದು ಮಾತ್ರ ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ರಿಜಿಸ್ಟರ್ ತೆಗೆದು ನೋಡಿದೆ. 63ರ ಮುಂದೆ ಹುಡುಗಿಯ ಹೆಸರಿದೆ, ತರಗತಿ ಇದೆ, ಸ್ಪರ್ಧೆಯ ಕಾಲಂ ಖಾಲಿ.

ಅವಳಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿಗೆ ಆದ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ವಾಕರ್ ಹಿಡಿದು ನಡೆಯುತ್ತಾಳೆ. ಆ ದಿನ ನಾವು ಅವಳನ್ನು ವೇದಿಕೆ ಪಕ್ಕ ಕುರ್ಚಿಯಲ್ಲಿ ಕೂರಿಸಿ ತೊಡೆಯ ಮೇಲೆ ಬಹುಮಾನದ ತಟ್ಟೆ ಇಟ್ಟಿದ್ದೆವು. ಅತಿಥಿಗಳು ಬಂದು ತಟ್ಟೆಯಿಂದ ಒಂದೊಂದೇ ಲೋಟ, ಪೆನ್ಸಿಲ್ ಬಾಕ್ಸ್ ಎತ್ತಿ ಗೆದ್ದವರಿಗೆ ಕೊಟ್ಟರು. ಅವಳನ್ನೂ ಸೇರಿಸಿಕೊಂಡೆವಲ್ಲ ಎಂದು ನಮಗೆಲ್ಲ ಸಮಾಧಾನವಿತ್ತು. ನಂಬರಿನ ಬಟ್ಟೆಯನ್ನು ಅವಳೇ ಪಿನ್ ಹಾಕಿ ಚುಚ್ಚಿಕೊಂಡು ಬಂದಿದ್ದಳು ಅನ್ನುವುದು ನನಗೆ ನೆನಪಾದದ್ದು ಮರುದಿನ, ಆ ಬಟ್ಟೆ ಕೈಗೆ ಬಂದಾಗ.

ಈ ವರ್ಷದ ಕ್ರೀಡಾಕೂಟವನ್ನು ಹೇಗೆ ಕಟ್ಟಿದೆವು, ಎಲ್ಲಿ ಎಡವಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ಬೆಂಗಳೂರಿನ ಪೀಣ್ಯದ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅದರಲ್ಲಿ ಒಂದರಿಂದ ಐದನೇ ತರಗತಿವರೆಗೆ 118 ಮಕ್ಕಳು. ತಂದೆತಾಯಿಯರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್, ಲೇಥ್ ವರ್ಕ್‌ಶಾಪ್, ಕಟ್ಟಡ ಕೆಲಸದವರು. ಮಕ್ಕಳ ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ.

ಮೊದಲ ಯೋಜನೆ, ಮತ್ತು ಅದು ಯಾಕೆ ಬಿದ್ದುಹೋಯಿತು

ನಾನು ಮೊದಲು ಮಾಡಿದ ಯೋಜನೆ ಹೀಗಿತ್ತು: ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಐವರಿದ್ದಾರೆ. ಐವರಿಗೂ ಸೇರಿಸಿ ಒಂದು ಪ್ರತ್ಯೇಕ ಆಟ ಇಡೋಣ, ಬಕೆಟ್ಟಿಗೆ ಚೆಂಡು ಹಾಕುವುದು, ಕೊನೆಗೆ ಐವರಿಗೂ ಬಹುಮಾನ. ಕಾಗದದ ಮೇಲೆ ಬರೆದು ಬ್ಲಾಕ್‌ನಿಂದ ಬರುವ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿ) ಮೇಡಂಗೆ ತೋರಿಸಿದೆ. ಅವರು ಓದಿ, "ಈ ಐದು ಜನರಲ್ಲಿ ಒಂದೇ ಥರ ಇರೋದು ಏನು ಹೇಳಿ?" ಅಂದರು.

ನಾಲ್ಕನೇ ತರಗತಿಯ ಈ ಹುಡುಗಿಗೆ ಕಾಲಿನ ಸ್ನಾಯು ಬಿಗಿ. ಐದನೇ ತರಗತಿಯ ಒಬ್ಬನಿಗೆ ದೃಷ್ಟಿ ತೀರಾ ಮಂದ. ಎರಡನೇ ತರಗತಿಯವನಿಗೆ ಆಟಿಸಂ, ಜೋರು ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಾನೆ. ಒಂದನೇ ತರಗತಿಯ ಪುಟ್ಟಿಗೆ ಡೌನ್ ಸಿಂಡ್ರೋಮ್. ಮೂರನೇ ತರಗತಿಯವನಿಗೆ ಕಿವಿ ಕೇಳುವುದಿಲ್ಲ, ಮಿಷನ್ ಹಾಕಿದರೂ ಸ್ವಲ್ಪವೇ. ಅವನು ಇಡೀ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗ. ಅಂಥವನನ್ನು ನಾನು ಬಕೆಟ್ಟಿಗೆ ಚೆಂಡು ಹಾಕಲು ಕೂರಿಸಿದ್ದೆ! ಹೋದ ವರ್ಷ ಅವನು ಹೀಟ್ಸ್‌ನಲ್ಲೇ, ಅಂದರೆ ಓಟದ ಮೊದಲ ಸುತ್ತಿನಲ್ಲೇ, ಸೋತಿದ್ದ. ಪಕ್ಕದವರು ಓಡಿದ್ದನ್ನು ನೋಡಿದ ಮೇಲೆ ತಾನು ಹೊರಡುತ್ತಿದ್ದ, ಅಷ್ಟೇ. ಅವನಿಗೆ ಬೇಕಿದ್ದದ್ದು ಒಂದು ಬಾವುಟ.

ಆ ಕಾಗದ ಹರಿದು ಹಾಕಿದೆ. ಮಗುವಿಗೆ ಏನು ಕೊರತೆ ಎಂದು ಕೇಳುವ ಬದಲು, ಈ ಆಟದಲ್ಲಿ ಈ ಮಗುವನ್ನು ತಡೆಯುತ್ತಿರುವುದು ಯಾವುದು ಎಂದು ಒಂದೊಂದು ಆಟಕ್ಕೂ ಕೇಳುತ್ತ ಹೋದೆವು. ದೈಹಿಕ ಶಿಕ್ಷಣದಲ್ಲಿ ಇದಕ್ಕೆ ಒಂದು ಬಳಕೆಯ ಕ್ರಮವಿದೆ, ಸ್ಪೇಸ್, ಟಾಸ್ಕ್, ಇಕ್ವಿಪ್‌ಮೆಂಟ್, ಪೀಪಲ್ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಸ್ಟೆಪ್ ಅನ್ನುತ್ತಾರೆ. ಆಡುವ ಜಾಗ, ಮಾಡಬೇಕಾದ ಕೆಲಸ, ಸಲಕರಣೆ, ಜೊತೆಗಿರುವವರು: ಈ ನಾಲ್ಕರಲ್ಲಿ ಯಾವುದನ್ನು ಬದಲಿಸಿದರೆ ಮಗು ಆಟದ ಒಳಗೆ ಬರುತ್ತದೆ ಎಂದು ನೋಡುವುದು.

ಹಾಗೆ ನೋಡುತ್ತ ಹಳೆಯ ರಿಜಿಸ್ಟರಿನ ಸಮಯಗಳನ್ನೂ ಕೂಡಿಸಿದೆ. ಹೋದ ವರ್ಷ ಬೆಳಿಗ್ಗೆ 8:30ಕ್ಕೆ ಶುರುವಾಗಿ 12:45ಕ್ಕೆ ಮುಗಿದಿತ್ತು. 255 ನಿಮಿಷ. ಒಂದು ಮಗು ಸಾಮಾನ್ಯವಾಗಿ ಎರಡು ಸ್ಪರ್ಧೆಗೆ ಇಳಿದಿತ್ತು, ಒಂದು ಓಟ, ಒಂದು ನಿಂಬೆಹಣ್ಣು-ಚಮಚ. ಎರಡೂ ಸೇರಿ ಒಂದು ನಿಮಿಷ ಆಡಿದ್ದರೆ ಹೆಚ್ಚು. ಒಂಬತ್ತೂವರೆಯೊಳಗೆ ಹೀಟ್ಸ್‌ನಲ್ಲಿ ಸೋತ 41 ಮಕ್ಕಳು ಆಮೇಲೆ ಬಿಸಿಲಲ್ಲಿ ಚಪ್ಪಾಳೆ ತಟ್ಟುತ್ತ ಕೂತಿದ್ದರು. ನಾನು ಒಬ್ಬಳ ಖಾಲಿ ಕಾಲಂ ನೋಡಿ ನೊಂದಿದ್ದೆ. ಲೆಕ್ಕ ಮಾಡಿದಾಗ ಮೈದಾನದಲ್ಲಿ ಆಟವೇ ಇರಲಿಲ್ಲ ಎಂದು ಕಂಡಿತು.

ತಾಯಿ ಹೇಳಿದ ಮಾತು

ನಾಲ್ಕನೇ ತರಗತಿಯವಳ ಮನೆಗೆ ಒಂದು ಸಂಜೆ ಹೋದೆ. ಅವಳ ತಾಯಿ ಗಾರ್ಮೆಂಟ್ಸಿನಿಂದ ಬಂದು ಒಲೆ ಹಚ್ಚುತ್ತಿದ್ದರು. ಈ ವರ್ಷ ಮಗಳು ಆಡುತ್ತಾಳೆ ಅಂದೆ. ಬೀಳುತ್ತಾಳೆ ಅನ್ನುವ ಹೆದರಿಕೆ ಇರಬಹುದು ಎಂದುಕೊಂಡು ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ.

"ಬಿದ್ರೆ ಎತ್ಕೊಂಡು ಧೂಳು ಒರೆಸ್ಬೋದು ಮಿಸ್," ಅಂದರು. "ಒಂದಕ್ಕೆ ಬಂದ್ರೆ ಎಲ್ಲಿ ಕರ್ಕೊಂಡ್ ಹೋಗ್ತೀರಾ? ಆ ಗ್ರೌಂಡಲ್ಲಿ ಬಾತ್‌ರೂಮೇ ಇಲ್ಲ. ಹೋದ್ವರ್ಷ ಅದಕ್ಕೇ ಅವ್ಳು ಬೆಳಿಗ್ಗೆಯಿಂದ ನೀರೇ ಕುಡೀಲಿಲ್ಲ."

ನಾವು ಪ್ರತಿ ವರ್ಷ ಕ್ರೀಡಾಕೂಟ ಮಾಡುತ್ತಿದ್ದದ್ದು ಶಾಲೆಯಿಂದ ಒಂದು ಫರ್ಲಾಂಗ್ ದೂರದ ಪಾಲಿಕೆ ಮೈದಾನದಲ್ಲಿ. ಒಂದು ಮಗು ನಾಲ್ಕು ಗಂಟೆ ಬಾಯಿ ಒಣಗಿಸಿಕೊಂಡು ತಟ್ಟೆ ಹಿಡಿದು ಕೂತಿತ್ತು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಮಾತು ಇಡೀ ಯೋಜನೆಯನ್ನು ಬದಲಿಸಿತು. ಕ್ರೀಡಾಕೂಟ ಶಾಲೆಯ ಅಂಗಳಕ್ಕೇ ಬಂತು. ಅಂಗಳದಲ್ಲಿ ಉದ್ದಕ್ಕೆ ಇಪ್ಪತ್ತು ಮೀಟರ್‌ಗಿಂತ ಸ್ವಲ್ಪವೇ ಹೆಚ್ಚು ಜಾಗ. ನೂರು ಮೀಟರ್ ಓಟ ಆಗುವುದಿಲ್ಲ. ಓಟಗಳನ್ನು ಹಿಂದಿನ ಶುಕ್ರವಾರ ಮೈದಾನದಲ್ಲೇ ಮುಗಿಸುವುದು, ಶನಿವಾರ ಬೆಳಗಿನ ಶಾಲೆಯ ಹೊತ್ತಿಗೆ ಅಂಗಳದಲ್ಲಿ ಎಲ್ಲರ ಆಟ ಎಂದು ನಿರ್ಧಾರವಾಯಿತು. ಗಾರ್ಮೆಂಟ್ಸಿಗೆ ಒಂಬತ್ತಕ್ಕೆ ಪಂಚ್ ಮಾಡಬೇಕಾದ ತಾಯಂದಿರು ಇದ್ದುದರಿಂದ ಏಳೂವರೆಗೇ ಶುರು ಮಾಡುವುದೆಂದು ಒಪ್ಪಿದೆವು.

ಸಭೆಯಲ್ಲಿ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಒಬ್ಬ ಸದಸ್ಯರು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 16ನೇ ಕಲಂ ಓದಿ ಹೇಳಿದೆ: ಶಾಲೆ ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಓದಿನ ಜೊತೆಗೆ ಆಟ ಮತ್ತು ಮನರಂಜನೆಯ ಅವಕಾಶವನ್ನೂ ಉಳಿದವರ ಸಮಕ್ಕೆ ಕೊಡಬೇಕು. ಹಾಗಾಗಿ ಆಡಿಸಬೇಕೋ ಬೇಡವೋ ಎಂಬ ಚರ್ಚೆಗೆ ಜಾಗವಿಲ್ಲ, ಹೇಗೆ ಜೋಪಾನವಾಗಿ ಆಡಿಸುವುದು ಎಂದು ಮಾತಾಡೋಣ ಅಂದೆ. ಆ ಸದಸ್ಯರೇ ಆಮೇಲೆ ತಮ್ಮ ವರ್ಕ್‌ಶಾಪಿನಿಂದ ಎರಡು ಪ್ಲೈವುಡ್ ಹಲಗೆ ತಂದುಕೊಟ್ಟರು.

ಎರಡನೆಯದು ನಮ್ಮ ಪಿ.ಟಿ. ಮಾಸ್ಟರದು. "ಸೋಲು ಗೆಲುವು ತೆಗೆದುಬಿಟ್ರೆ ಅದು ಕ್ರೀಡಾಕೂಟ ಹೆಂಗಾಗುತ್ತೆ ಮೇಡಂ? ಮಕ್ಕಳಿಗೆ ಮಜಾನೇ ಇರಲ್ಲ." ಅವರ ಮಾತು ನನಗೆ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಎಲ್ಲರಿಗೂ ಒಂದೇ ಪೆನ್ಸಿಲ್ ಕೊಟ್ಟು ಎಲ್ಲರೂ ಗೆದ್ದಿರಿ ಅಂದರೆ ಮಕ್ಕಳು ನಂಬುವುದಿಲ್ಲ. ಸೋಲುವ ಹಕ್ಕೂ ಆ ವಾಕರಿನ ಹುಡುಗಿಗೆ ಬೇಕು. ಹಾಗಾಗಿ ಶುಕ್ರವಾರದ ಓಟದಲ್ಲಿ ಒಂದು, ಎರಡು, ಮೂರು ಇಟ್ಟುಕೊಂಡೆವು, ಶನಿವಾರದ ರಿಲೇಗೂ ಗೆಲುವು ಇಟ್ಟೆವು.

ಅಂಗಳ, ಸುಣ್ಣ, ಗೆಜ್ಜೆ

ವಾಕರಿನ ಮುಂದಿನ ಚಕ್ರ ಚಿಕ್ಕದು. ಸಡಿಲ ಮಣ್ಣು ಸಿಕ್ಕರೆ ಅದು ಹೂತು ನಿಲ್ಲುತ್ತದೆ, ಹುಡುಗಿ ಮುಂದಕ್ಕೆ ಮುಗ್ಗರಿಸುತ್ತಾಳೆ. ನಮ್ಮ ಕೆಮ್ಮಣ್ಣಿಗೆ ಹಿಂದಿನ ಸಂಜೆ ನೀರು ಚಿಮುಕಿಸಿ ತುಳಿದರೆ ಬೆಳಿಗ್ಗೆಗೆ ಗಟ್ಟಿ ಕೂರುತ್ತದೆ. ಆದರೆ 2024ರ ಬೇಸಿಗೆಯಲ್ಲಿ ಬೆಂಗಳೂರು ಪಟ್ಟ ನೀರಿನ ಪಾಡು ಕಂಡವರಿಗೆ ನೆಲಕ್ಕೆ ನೀರು ಹಾಕಿ ಅನ್ನಲು ಬಾಯಿ ಬರುವುದಿಲ್ಲ. ಬಿಸಿಯೂಟದ ಅಕ್ಕ ಒಂದು ದಾರಿ ಹೇಳಿದರು: ಮಕ್ಕಳು ತಟ್ಟೆ ತೊಳೆದ ನೀರನ್ನು ಎರಡು ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಸೋಸಿ ಚಿಮುಕಿಸಿದೆವು. ಅದರಿಂದ ಧೂಳೂ ಅಡಗಿತು. ಆಸ್ತಮಾ ಇರುವ ಇನ್ನೊಬ್ಬ ಹುಡುಗ ನಮ್ಮ ಐವರ ಪಟ್ಟಿಯಲ್ಲೇ ಇರಲಿಲ್ಲ. ಆ ಧೂಳಿಲ್ಲದ ಅಂಗಳ ಅವನಿಗೂ ಉಪಕಾರವಾಯಿತು. ಅವನ ಇನ್‌ಹೇಲರ್ ಹೋದ ವರ್ಷ ಬೀಗ ಹಾಕಿದ ತರಗತಿಯೊಳಗಿನ ಬ್ಯಾಗಿನಲ್ಲಿತ್ತು. ಈ ಸಲ ನನ್ನ ಸೊಂಟದ ಚೀಲದಲ್ಲಿತ್ತು.

ಗೆರೆ ಎಳೆಯಲು ಸುಣ್ಣದ ಪುಡಿ ಬಳಸುವುದನ್ನು ಕೈಬಿಟ್ಟೆವು. ಅದು ಕಣ್ಣಿಗೆ ಹೋದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು, ಕೆಂಪು ನೆಲದ ಮೇಲೆ ದಪ್ಪ ಬಿಳಿ ಗೆರೆ ಮಂದ ದೃಷ್ಟಿಯವನಿಗೂ ಕಾಣುತ್ತದೆ. ಅವನು ನಿಲ್ಲುವ ಕಡೆ ಮಾತ್ರ ಹಗ್ಗ ಹಾಸಿ ಮೇಲೆ ಟೇಪ್ ಅಂಟಿಸಿದೆವು. ಅಂಧರು ಆಡುವ ಗೋಲ್‌ಬಾಲ್ ಅಂಕಣದಲ್ಲಿ ಗೆರೆಗಳನ್ನು ಹೀಗೇ ಮಾಡುತ್ತಾರೆ, ಕಾಲಿನಲ್ಲೇ ಗೆರೆ ತಿಳಿಯುತ್ತದೆ.

ಅವನ ಆಸೆ ಕ್ರಿಕೆಟ್. ಅಂಧರ ಕ್ರಿಕೆಟ್ಟನ್ನು ನಮ್ಮ ಮಕ್ಕಳಿಗೆ ಪರಿಚಯಿಸಲು ದೂರ ಹೋಗಬೇಕಿರಲಿಲ್ಲ. ಶಿವಮೊಗ್ಗ ಕಡೆಯ ಶೇಖರ್ ನಾಯಕ್ ಭಾರತ ಅಂಧರ ತಂಡದ ನಾಯಕರಾಗಿ 2012ರಲ್ಲಿ ಟಿ20 ವಿಶ್ವಕಪ್ ಗೆದ್ದವರು, 2017ರಲ್ಲಿ ಪದ್ಮಶ್ರೀ ಪಡೆದವರು. ಆ ಆಟದಲ್ಲಿ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಬೌಲರ್ ಕೈ ಕೆಳಗಿನಿಂದ ನೆಲದುದ್ದಕ್ಕೆ ಉರುಳಿಸುತ್ತಾನೆ. ನಾವು ಗಾರ್ಮೆಂಟ್ಸಿನ ಕಟಿಂಗ್ ವೇಸ್ಟ್ ತುಂಬಿ ಬಟ್ಟೆ ಚೆಂಡು ಹೊಲಿದು, ಚಿಕ್ಕಪೇಟೆಯಿಂದ ತಂದ ಗೆಜ್ಜೆಗಳನ್ನು ಒಳಗಿಟ್ಟೆವು. ಮೊದಲ ಚೆಂಡು ಸದ್ದೇ ಮಾಡಲಿಲ್ಲ, ಬಟ್ಟೆ ಗೆಜ್ಜೆಯನ್ನು ಒತ್ತಿ ಹಿಡಿದುಬಿಟ್ಟಿತ್ತು. ಏಳನೇ ತರಗತಿಯ ಒಬ್ಬ ಹುಡುಗಿ ಗೆಜ್ಜೆಗಳನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ಡಬ್ಬಿಯ ಸುತ್ತ ಬಟ್ಟೆ ಸುತ್ತಿದಳು. ಆಗ ಘಲ್ಲೆಂದಿತು.

ಅದೇ ಬಟ್ಟೆ ಚೂರುಗಳಲ್ಲಿ ಹುಣಸೆಬೀಜ ತುಂಬಿ ಎಸೆಯುವ ಚೀಲಗಳನ್ನೂ ಹೊಲಿದೆವು. ಚೆಂಡಿನ ಹಾಗೆ ಉರುಳಿ ಹೋಗುವುದಿಲ್ಲ, ಬೆರಳು ಪೂರ್ತಿ ಮಡಚದ ಕೈಗೂ ಹಿಡಿಯಲು ಸುಲಭ. ಎಸೆಯಲು ಮೂರು ಗೆರೆ, ದೂರದ ಗೆರೆಗೆ ಹೆಚ್ಚು ಅಂಕ. ಯಾವ ಗೆರೆಯಲ್ಲಿ ನಿಲ್ಲಬೇಕೆಂದು ಪ್ರತಿ ಮಗುವೂ ತಾನೇ ಆರಿಸಿಕೊಳ್ಳಬೇಕು. ಲಗೋರಿಯ ಏಳು ಹಂಚುಗಳನ್ನು ನೆಲದ ಮೇಲಲ್ಲದೆ ಸ್ಟೂಲಿನ ಮೇಲೆ ಜೋಡಿಸಿದೆವು, ಬಗ್ಗಲಾರದವರೂ ಕಟ್ಟಬಹುದು. ನಾಲ್ಕನೆಯ ಆಟ ಕುಂಟೆಬಿಲ್ಲೆ, ಕುಂಟಿದರೂ ಸರಿ, ನಡೆದರೂ ಸರಿ. ಒಟ್ಟು ಖರ್ಚು 1,460 ರೂಪಾಯಿ.

ಒಂದನೇ ತರಗತಿಯ ಸಾಮೂಹಿಕ ಪ್ರದರ್ಶನದಲ್ಲಿ ಲಾಗ ಹಾಕುವುದಿತ್ತು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಿರುತ್ತದೆ, ವೈದ್ಯರು ನೋಡಿ ಹೇಳುವವರೆಗೆ ಕತ್ತಿನ ಮೇಲೆ ಭಾರ ಬೀಳುವ ಯಾವುದೂ ಬೇಡ ಎಂದು ಬಿಐಇಆರ್‌ಟಿ ಮೇಡಂ ಎಚ್ಚರಿಸಿದರು. ಪುಟ್ಟಿಯೊಬ್ಬಳನ್ನೇ ಪಕ್ಕಕ್ಕೆ ನಿಲ್ಲಿಸುವುದು ನನಗೆ ಬೇಡವಾಗಿತ್ತು. ಇಡೀ ತರಗತಿಗೇ ಲಾಗ ತೆಗೆದು ಕಪ್ಪೆ ನಡಿಗೆ ಇಟ್ಟೆವು.

ಬುಧವಾರದ ತಾಲೀಮು

ತಾಲೀಮಿನಲ್ಲಿ ಮೂರು ವಿಷಯ ಕೆಟ್ಟವು. ಬಾವುಟ ಇಳಿಸಿ ಓಟ ಶುರು ಮಾಡಿದಾಗ ಕಿವಿ ಕೇಳದವನು ಬಾಣದ ಹಾಗೆ ಹೊರಟ. ಕಿವಿ ಕೇಳುವ ಇಬ್ಬರು ಸೀಟಿಗೆ ಕಾಯುತ್ತ ನಿಂತೇ ಇದ್ದರು. ಎಲ್ಲರೂ ಬಾವುಟ ನೋಡುವುದನ್ನು ಕಲಿಯಲು ಎರಡು ದಿನ ಹಿಡಿಯಿತು. ಶುಕ್ರವಾರದ ಓಟದಲ್ಲಿ ಅವನೇ ಮೊದಲು ಬಂದ.

ಎರಡನೆಯದು, ಜೊತೆಗಾರರು. ವಾಕರಿನವಳ ಜೊತೆಗೆ ನೇಮಿಸಿದ ಏಳನೇ ತರಗತಿಯ ಹುಡುಗಿ ತುಂಬ ಒಳ್ಳೆಯವಳು. ಅವಳು ವಾಕರನ್ನು ಹಿಡಿದು ಎಳೆದುಕೊಂಡೇ ಹೋದಳು, ಚೀಲವನ್ನೂ ತಾನೇ ಎಸೆದುಕೊಟ್ಟಳು. ನಾಲ್ಕನೇ ತರಗತಿಯವಳು ಮತ್ತೆ ಆಟ ನೋಡುವವಳೇ ಆದಳು, ಕುರ್ಚಿ ಒಂದೇ ಇರಲಿಲ್ಲ. ಜೊತೆಗಾರರನ್ನೆಲ್ಲ ಕೂರಿಸಿ ಒಂದೇ ನಿಯಮ ಹೇಳಿದೆ: ಕೈ ನಿಮ್ಮ ಬೆನ್ನ ಹಿಂದೆ ಇರಲಿ, ಅವಳು ಕೇಳಿದರೆ ಮಾತ್ರ ಮುಂದೆ ಬರಲಿ.

ಮೂರನೆಯದು ಮೈಕ್. ಮೈಕಿನ ಹಾಡಿನಲ್ಲಿ ಗೆಜ್ಜೆ ಚೆಂಡು ಕೇಳಿಸಲಿಲ್ಲ, ಎರಡನೇ ತರಗತಿಯವನು ಗೇಟಿನ ತನಕ ಓಡಿಹೋದ. ಮೈಕನ್ನು ಸ್ವಾಗತಕ್ಕೆ, ರಾಷ್ಟ್ರಗೀತೆಗೆ ಮಾತ್ರ ಇಟ್ಟುಕೊಂಡೆವು. ಅವನ ತಾಯಿ ಅವನಿಗೆ ಮಂಕಿ ಕ್ಯಾಪ್ ಹಾಕಿ ಕಳಿಸುತ್ತೇನೆ ಅಂದರು. ಡಿಸೆಂಬರ್ ಬೆಳಗಿನಲ್ಲಿ ಬೆಂಗಳೂರಿನ ಅರ್ಧ ಮಕ್ಕಳ ತಲೆ ಮೇಲೆ ಅದಿರುತ್ತದೆ, ಕಿವಿ ಮುಚ್ಚಲು ಅದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ. ಹೊಂಗೆ ಮರದ ಕೆಳಗೆ ಚಾಪೆ ಹಾಸಿ, ಯಾವ ಆಟ ಯಾವಾಗ ಎಂದು ಚಿತ್ರ ಬರೆದ ಚೀಟಿಗಳನ್ನು ದಾರಕ್ಕೆ ಕಟ್ಟಿ ಅವನಿಗೆ ತೋರಿಸಿದೆ.

ರಿಲೇ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂರರಿಂದ ಐದನೇ ತರಗತಿಯ 72 ಮಕ್ಕಳನ್ನು ಆರಾರು ಜನರ 12 ತಂಡ ಮಾಡಿದೆವು. ಒಂದು ತಂಡ ಒಟ್ಟು 120 ಮೀಟರ್ ಮುಗಿಸಬೇಕು, ಅಂದರೆ ಅಂಗಳದ ಇಪ್ಪತ್ತು ಮೀಟರನ್ನು ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ. ಆದರೆ ಯಾರು ಎಷ್ಟು ದೂರ ಅನ್ನುವುದು ತಂಡದ ನಿರ್ಧಾರ. ಪ್ರತಿ ನಾಲ್ಕು ಮೀಟರಿಗೆ ಗುರುತಿದೆ. ಒಬ್ಬ 40 ಓಡಬಹುದು, ಒಬ್ಬಳು 8. ಯಾರೂ ಸೊನ್ನೆ ಓಡುವಂತಿಲ್ಲ.

ಮಕ್ಕಳು ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಹಾಕತೊಡಗಿದರು. ಗಣಿತದ ಪೀರಿಯಡ್ಡಿನಲ್ಲಿ ಬಾಯಿ ಬಿಡದವರೂ ಕೂಡಿಸಿದರು, ಕಳೆದರು. 63ರ ತಂಡದಲ್ಲಿ ಒಬ್ಬ ಹುಡುಗ ಅವಳಿಗೆ 4 ಮೀಟರ್ ಸಾಕು ಅಂದ. ಅವಳು 8 ಬೇಕು ಎಂದು ಹಟ ಹಿಡಿದಳು. ತಾಲೀಮಿನಲ್ಲಿ ಅವಳಿಗೆ 8 ಮೀಟರಿಗೆ 52 ಸೆಕೆಂಡ್ ಹಿಡಿದಿತ್ತು. ತಂಡ ಒಪ್ಪಿ ಅವಳನ್ನು ಮೂರನೆಯವಳಾಗಿ ಹಾಕಿತು.

ಚಳಿಯಲ್ಲಿ ಅವಳ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಶನಿವಾರ ಏಳಕ್ಕೇ ತಾಯಿ ಕರೆತಂದು ಗೇಟಿನ ಪಕ್ಕದ ಎಳೆ ಬಿಸಿಲಲ್ಲಿ ನಡೆಸಿದರು. 8:10ಕ್ಕೆ ರಿಲೇ. ಬ್ಯಾಟನ್ ಬದಲು ಅವಳ ವಾಕರಿಗೆ ಕೆಂಪು ರಿಬ್ಬನ್ ಕಟ್ಟುವುದು, ಅದನ್ನು ಬಿಚ್ಚಿ ಮುಂದಿನವರಿಗೆ ಕೊಡುವುದು ಎಂದು ಮಕ್ಕಳೇ ಮಾಡಿಕೊಂಡಿದ್ದರು. ರಿಬ್ಬನ್ ಬಂತು. ಎಡಗಾಲು, ವಾಕರ್, ಬಲಗಾಲು. ಎರಡನೇ ಗುರುತಿನ ಹತ್ತಿರ ಎಡಗಾಲಿನ ಬೆರಳು ನೆಲಕ್ಕೆ ತಾಗಿ ಎಳೆದುಕೊಂಡಿತು, ನಿಂತಳು, ಹಿಮ್ಮಡಿ ಎತ್ತಿ ಸರಿ ಮಾಡಿಕೊಂಡು ಹೊರಟಳು. ಜೊತೆಗಾರ ಹುಡುಗಿಯ ಕೈ ಬೆನ್ನ ಹಿಂದೆಯೇ ಇತ್ತು. 41 ಸೆಕೆಂಡ್.

ಆ ಸರದಿಯಲ್ಲಿ ಓಡಿದ ನಾಲ್ಕು ತಂಡಗಳಲ್ಲಿ ಅವರದು ಮೂರನೆಯದಾಯಿತು. ಮುಗಿದ ತಕ್ಷಣ ಅದೇ ಹುಡುಗ, "ಇವಳಿಂದಾನೇ ಸೋತಿದ್ದು, ನಾಲ್ಕು ಅಂತ ಹೇಳಿದ್ನಲ್ಲ" ಎಂದು ಕೂಗಿದ. ಸುತ್ತ ನಿಂತಿದ್ದ ದೊಡ್ಡವರು ಅವನನ್ನು ಗದರಲು ಹೋದರು. ನಾನು ತಡೆದೆ. ಅವನು ಅವಳನ್ನು ಆಟಗಾರ್ತಿ ಎಂದು ತಿಳಿದೇ ಸಿಟ್ಟಾಗಿದ್ದ. ಸ್ಟಾಪ್‌ವಾಚ್ ಹಿಡಿದಿದ್ದ ಏಳನೇ ತರಗತಿಯವನು ಚೀಟಿ ತಂದು ತೋರಿಸಿದ: ಇವಳು ಅಂದಾಜಿಗಿಂತ 11 ಸೆಕೆಂಡ್ ಬೇಗ ಮುಗಿಸಿದ್ದಾಳೆ, ನಾಲ್ಕನೆಯವರು ಐದನೆಯವರಿಗೆ ಕೊಡುವಾಗ ರಿಬ್ಬನ್ ಬಿದ್ದು, ಹುಡುಕಿ ಎತ್ತಿಕೊಳ್ಳುವಷ್ಟರಲ್ಲಿ 9 ಸೆಕೆಂಡ್ ಹೋಗಿದೆ. ಎರಡನೇ ತಂಡಕ್ಕೂ ಇವರಿಗೂ ಇದ್ದ ಅಂತರ 6 ಸೆಕೆಂಡ್. ಆ ಹುಡುಗ ಚೀಟಿಯನ್ನು ಎರಡು ಸಲ ಓದಿದ. ರಿಬ್ಬನ್ ಬೀಳಿಸಿದವರು ಯಾರು ಎಂಬ ಜಗಳ ಅಲ್ಲಿಂದ ಶುರುವಾಗಿ ಮುಂದಿನ ಆಟದವರೆಗೂ ನಡೆಯಿತು, ಅವಳೂ ಅದರಲ್ಲಿ ಜೋರಾಗಿಯೇ ಇದ್ದಳು. ಅವಳ ತಾಯಿ ಗೇಟಿನ ಹತ್ತಿರ ನಿಂತು ಇದನ್ನೆಲ್ಲ ನೋಡಿ ಎಂಟೂಮುಕ್ಕಾಲಿಗೆ ಕೆಲಸಕ್ಕೆ ಹೊರಟರು.

ಆಗದೇ ಉಳಿದದ್ದು

ಅಂಗಳದ ನಾಲ್ಕು ಆಟಗಳನ್ನು ಬಹುತೇಕ ಎಲ್ಲ ಮಕ್ಕಳೂ ಆಡಿದರು, ಒಂದೊಂದು ಆಟಕ್ಕೆ ಹದಿನೈದು ನಿಮಿಷ. ಹಾಲು, ಬಾಳೆಹಣ್ಣು ಕೊನೆಗೆ ಕೊಟ್ಟೆವು, ಹಾಲು ಕುಡಿದು ಓಡಿ ಕಕ್ಕುವುದು ತಪ್ಪಿತು. ಹತ್ತು ಗಂಟೆಗೆ ಎಲ್ಲ ಮುಗಿಯಿತು.

ಮಂದ ದೃಷ್ಟಿಯವನು ಗೆಜ್ಜೆ ಚೆಂಡಿಗೆ ಚೆನ್ನಾಗಿ ಬ್ಯಾಟ್ ಬೀಸಿದ, ರನ್ ಓಡುವಾಗ ಮಾತ್ರ ದಾರಿಯಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದ ಪೋಷಕರೊಬ್ಬರಿಗೆ ಡಿಕ್ಕಿ ಹೊಡೆದು ಮಂಡಿ ತರಚಿಕೊಂಡ. ಅದು ನನ್ನ ತಪ್ಪು. ಅವನಿಗೆ ಗೆರೆ ಮಾಡಿದ್ದೆ, ನೋಡುವವರಿಗೆ ಹಗ್ಗ ಕಟ್ಟಿರಲಿಲ್ಲ.

ಎರಡನೇ ತರಗತಿಯವನು ಕುಂಟೆಬಿಲ್ಲೆಯನ್ನು ಒಂದೇ ಸಮನೆ 17 ಸಲ ಆಡಿದ, ಉಳಿದ ಹೊತ್ತೆಲ್ಲ ಹೊಂಗೆ ಮರದ ಕೆಳಗಿದ್ದ. ಬೇರೆ ಮೂರು ಆಟಗಳ ಚೀಟಿಯನ್ನು ದಾರದಿಂದ ಬಿಡಿಸಿ ನನ್ನ ಕೈಗೆ ಕೊಟ್ಟ. ಅದನ್ನು ಅವನ ಆಯ್ಕೆ ಎಂದು ತಿಳಿಯಬೇಕೋ, ನಾವು ಅವನಿಗೆ ದಾರಿ ಹುಡುಕಲಾರದೆ ಹೋದದ್ದೋ, ಎರಡು ವಾರದಿಂದ ಯೋಚಿಸುತ್ತಿದ್ದೇನೆ. ಅವನ ತಾಯಿ ಮಾತ್ರ, "ಅಷ್ಟು ಜನ ಇದ್ರೂ ಮನೆಗೆ ಹೋಗೋಣ ಅನ್ಲಿಲ್ಲ ಮಿಸ್" ಅಂದರು.

ಶಾಲೆಯ ಶೌಚಾಲಯದ ಬಾಗಿಲು ವಾಕರಿಗೆ ಇಕ್ಕಟ್ಟು. ಅವತ್ತು ಬಿಸಿಯೂಟದ ಅಕ್ಕ ಅವಳನ್ನು ಎತ್ತಿಕೊಂಡು ಒಳಗೆ ಬಿಟ್ಟರು. ಹತ್ತು ವರ್ಷದ ಹುಡುಗಿಯನ್ನು ಇನ್ನೆಷ್ಟು ದಿನ ಎತ್ತುವುದು? ಬಾಗಿಲು ಅಗಲ ಮಾಡಿ ಹಿಡಿಕೆ ಹಾಕಿಸಲು ಎಸ್‌ಡಿಎಂಸಿ ಮೂಲಕ ಅರ್ಜಿ ಕೊಟ್ಟಿದ್ದೇವೆ.

ರಿಜಿಸ್ಟರಿನಲ್ಲಿ 63ರ ಮುಂದೆ ಈ ಸಲ ಐದು ಸಾಲು ಬರೆದಿದ್ದೇನೆ. ಸೋಮವಾರ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಮುಂದಿನ ವರ್ಷ ತನಗೆ 12 ಮೀಟರ್ ಎಂದು ಈಗಲೇ ಬರೆದಿಡಲು ಹೇಳಿದಳು. ತಂಡವನ್ನು ಕೇಳು ಅಂದೆ. ತಂಡ ಇನ್ನೂ ಒಪ್ಪಿಲ್ಲ.